‘ನಮ್ಮಪ್ಪ ರೈತ’ ಎನ್ನಲು ಐದು ಪದ

ಎರಡು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆಂದು ಹೋಗಿದ್ದೆ. ಹಾವೇರಿಯಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಮುಖ ತೊಳೆದು, ಬ್ಯಾಗಿನಲ್ಲಿ ಮಡಚಿಟ್ಟಿದ್ದ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕುಳಿತೆ. ಎದುರಿಗಿದ್ದ ಮೇಡಂ ‘ನಿಮ್ಮ ಮನೆಯವರ ಬಗ್ಗೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಬಸ್ಸಿನಲ್ಲಿ ಹತ್ತಾರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ‘ಮೈ ಫಾದರ್ ಈಸ್ ಫಾರ್ಮರ್. ಮೈ ಮದರ್ ಈಸ್ ಹೌಸ್‌ವೈಫ್. ಐ ಹ್ಯಾವ್ ಟೂ ಸಿಸ್ಟರ್’ ಎಂದೆ.

ಮೇಡಂ ನಕ್ಕರು. ಕೆಟ್ಟ ನಗುವೇನಲ್ಲ. ‘ಎ ಫಾರ್ಮರ್’ ಎಂದು ಮೆಲ್ಲಗೆ ತಿದ್ದಿ ಮುಂದಿನ ಪ್ರಶ್ನೆಗೆ ಹೋದರು. ಆದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ಬಾಯಿ ತೆರೆದಾಗಲೆಲ್ಲ ಎಲ್ಲೋ ಏನೋ ಬಿಟ್ಟುಹೋಯಿತೇನೋ ಎಂಬ ಅಂಜಿಕೆ. ಗೊತ್ತಿದ್ದ ಉತ್ತರಗಳೂ ಗಂಟಲಲ್ಲೇ ಉಳಿದವು. ಕೆಲಸ ಸಿಗಲಿಲ್ಲ. ಒಂದು ‘ಎ’ ಬಿಟ್ಟಿದ್ದಕ್ಕೇ ಸಿಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಕೌಂಟ್ಸ್ ಪ್ರಶ್ನೆಗಳಲ್ಲೂ ನಾನು ಅಷ್ಟಕ್ಕಷ್ಟೇ ಇದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಮೂರು ವಾಕ್ಯಗಳನ್ನೇ ಮೆಲುಕು ಹಾಕಿದೆ. ಮೂರು ವಾಕ್ಯ, ಮೂರು ತಪ್ಪು. ಮೂರೂ ತಪ್ಪುಗಳು ಬಿದ್ದಿದ್ದು ಒಂದೇ ಜಾತಿಯ ಪದದ ಹತ್ತಿರ: ಫಾರ್ಮರ್, ಹೌಸ್‌ವೈಫ್, ಸಿಸ್ಟರ್. ಮೂರೂ ಕಾಮನ್ ನೌನ್‌ಗಳು. ಕಾಮನ್ ನೌನ್ ಎಂದರೇನು ಎಂದು ಮೇಡಂ ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಐದನೇ ತರಗತಿಯಿಂದ ಡಿಗ್ರಿವರೆಗೆ ಅದರ ವ್ಯಾಖ್ಯೆಯನ್ನು ಎಷ್ಟು ಸಲ ಬರೆದಿದ್ದೇನೋ, ಎಷ್ಟು ಅಂಕ ಗಳಿಸಿದ್ದೇನೋ ಲೆಕ್ಕವಿಲ್ಲ. ವ್ಯಾಖ್ಯೆ ಗೊತ್ತಿತ್ತು, ಆದರೆ ಆ ಪದವನ್ನು ವಾಕ್ಯದಲ್ಲಿ ಹೇಗೆ ಇಡಬೇಕೆಂದು ಗೊತ್ತಿರಲಿಲ್ಲ.

ಹಾಗೆ ನೋಡಿದರೆ ನನಗೆ ವ್ಯಾಖ್ಯೆಯೂ ಸರಿಯಾಗಿ ಅರ್ಥವಾಗಿರಲಿಲ್ಲ. ಕಾಮನ್ ಎಂದರೆ ಸಾಮಾನ್ಯ, ಅಂದರೆ ವಿಶೇಷವೇನೂ ಇಲ್ಲದ, ಕಡಿಮೆ ದರ್ಜೆಯ ನಾಮಪದ ಎಂದೇ ತಿಳಿದಿದ್ದೆ. ಇಲ್ಲಿ ಕಾಮನ್ ಎಂಬುದಕ್ಕೆ ಆ ಅರ್ಥವಿಲ್ಲ. ಎಲ್ಲರಿಗೂ ಸೇರಿದ್ದು, ಹಂಚಿಕೊಂಡದ್ದು ಎಂದು ಅರ್ಥ. ನಮ್ಮೂರ ಗೋಮಾಳ ಯಾರೊಬ್ಬರ ಹೆಸರಿನಲ್ಲೂ ಇಲ್ಲ, ಎಲ್ಲರ ದನಗಳೂ ಅಲ್ಲಿ ಮೇಯುತ್ತವೆ. ಇಂಗ್ಲಿಷಿನಲ್ಲಿ ಅಂಥ ಜಾಗಕ್ಕೆ ಕಾಮನ್ಸ್ ಎಂದೇ ಹೆಸರು. ‘ನದಿ’ ಎಂಬ ಪದವೂ ಒಂದು ಗೋಮಾಳ. ವರದೆ, ತುಂಗಭದ್ರೆ, ಕೃಷ್ಣೆ ಎಲ್ಲರೂ ಅದರಲ್ಲಿ ಹಕ್ಕುದಾರರು. ವರದಾ ಎಂಬುದು ಮಾತ್ರ ಸ್ವಂತ ಪಹಣಿ ಇರುವ ಹೊಲ.

ಇಷ್ಟನ್ನು ನಮಗೆ ಕನ್ನಡದ ಮೇಷ್ಟ್ರು ಆಗಲೇ ಹೇಳಿಕೊಟ್ಟಿದ್ದರಲ್ಲ! ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಬೆಟ್ಟ, ಹುಡುಗ ರೂಢನಾಮ. ವರದಾ, ಬಸವ ಅಂಕಿತನಾಮ. ವ್ಯಾಪಾರಿ, ಶಿಕ್ಷಕ, ರೋಗಿ ಅನ್ವರ್ಥನಾಮ, ಅಂದರೆ ಗುಣದಿಂದಲೋ ವೃತ್ತಿಯಿಂದಲೋ ಬಂದ ಹೆಸರು. ಈ ವಿಂಗಡಣೆ ಇಂದು ನಿನ್ನೆಯದಲ್ಲ, 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲೇ ಇದೆ. ಇಂಗ್ಲಿಷಿನವರು ರೂಢನಾಮ, ಅನ್ವರ್ಥನಾಮ ಎರಡನ್ನೂ ಸೇರಿಸಿ ಕಾಮನ್ ನೌನ್ ಎನ್ನುತ್ತಾರೆ, ಅಷ್ಟೆ ವ್ಯತ್ಯಾಸ. ಮೂರನೇ ಪಿರಿಯಡ್ಡಿನಲ್ಲಿ ಕನ್ನಡದ ಮೇಷ್ಟ್ರು ರೂಢನಾಮ ಹೇಳಿಹೋಗುತ್ತಿದ್ದರು. ನಾಲ್ಕನೇ ಪಿರಿಯಡ್ಡಿನಲ್ಲಿ ಇಂಗ್ಲಿಷಿನ ಸರ್ ಬಂದು, ನಾವು ಜನ್ಮದಲ್ಲೇ ಕೇಳದ ಹೊಸ ಸಂಗತಿ ಎಂಬಂತೆ ಕಾಮನ್ ನೌನ್ ಶುರು ಮಾಡುತ್ತಿದ್ದರು. ಮಕ್ಕಳೇ, ಇದು ನಿಮಗೆ ಗೊತ್ತಿರುವುದೇ, ಇಂಥಲ್ಲಿಂದ ಮಾತ್ರ ದಾರಿ ಬೇರೆಯಾಗುತ್ತದೆ ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ನನ್ನ ತಕರಾರು ಇರುವುದು ಇದರ ಬಗ್ಗೆಯೇ. ದಾರಿ ಬೇರೆಯಾಗುವ ಆ ಜಾಗದಲ್ಲೇ ಅಲ್ಲವೇ ನಮ್ಮಂಥವರು ಎಡವಿ ಬೀಳುವುದು?

‘ನಮ್ಮಪ್ಪ ರೈತ.’ ಎರಡೇ ಪದ. ಕ್ರಿಯಾಪದವೂ ಬೇಡ, ಮತ್ತೊಂದೂ ಬೇಡ. ಪೂರ್ತಿ ವಾಕ್ಯ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದು ಪದ ಬೇಕು: ಮೈ ಫಾದರ್ ಈಸ್ ಎ ಫಾರ್ಮರ್. ‘ಈಸ್’ ಹಾಕಬೇಕೆಂದು ಹೊಡೆದು ಬಡಿದು ಕಲಿಸಿದ್ದಾರೆ, ಹಾಗಾಗಿ ಅದು ಬರುತ್ತದೆ. ಆ ಪುಟ್ಟ ‘ಎ’ ಮಾತ್ರ ಬಿಟ್ಟುಹೋಗುತ್ತದೆ, ಏಕೆಂದರೆ ಕನ್ನಡದಲ್ಲಿ ಆ ಜಾಗವೇ ಇಲ್ಲ. ನಮ್ಮ ರೂಢನಾಮ ಒಂಟಿಯಾಗಿ ಓಡಾಡುತ್ತದೆ. ಇಂಗ್ಲಿಷಿನ ಕಾಮನ್ ನೌನ್ ಹಾಗಲ್ಲ. ಲೆಕ್ಕಕ್ಕೆ ಸಿಗುವ ವಸ್ತುವಾಗಿದ್ದು ಏಕವಚನದಲ್ಲಿದ್ದರೆ ಅದಕ್ಕೆ ಜೊತೆಗೊಬ್ಬರು ಬೇಕೇ ಬೇಕು. ‘ಎ’ ಆಗಲಿ, ‘ದಿ’ ಆಗಲಿ, ‘ಮೈ’, ‘ದಿಸ್’, ‘ಎವ್ರಿ’ ಆಗಲಿ, ಯಾರಾದರೂ ಸರಿ. ಜೊತೆಗಾರರಿಲ್ಲದಿದ್ದರೆ ಬಾಲಕ್ಕೆ ‘ಎಸ್’ ಸೇರಿ ಬಹುವಚನವಾಗಬೇಕು. ‘ಐ ಬಾಟ್ ಬುಕ್’ ತಪ್ಪು. ‘ಎ ಬುಕ್’, ‘ದಿ ಬುಕ್’, ‘ದಟ್ ಬುಕ್’, ‘ಬುಕ್ಸ್’, ಎಲ್ಲವೂ ಸರಿ.

ಈ ಒಂದು ಮಾತನ್ನು ಯಾರಾದರೂ ಹತ್ತನೇ ತರಗತಿಯಲ್ಲಿ ನನ್ನ ಕೈಹಿಡಿದು ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ನಮಗೆ ಹೇಳಿದ್ದು ಬೇರೆ: ‘ಎ, ಇ, ಐ, ಓ, ಯು’ ಮುಂದೆ ‘ಆ್ಯನ್’. ಅದೂ ಅರ್ಧ ಸತ್ಯ. ನೋಡಬೇಕಾದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು. ಹಾಗಾಗಿಯೇ ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’, ‘ಆ್ಯನ್ ಎಂಬಿಎ’.

ಹಾಗಾದರೆ ‘ಎ’ ಯಾವಾಗ, ‘ದಿ’ ಯಾವಾಗ? ಧಾರವಾಡದಲ್ಲಿ ಕೋಚಿಂಗಿಗೆ ಸೇರಿದ್ದಾಗ ಇದಕ್ಕೆ ಹತ್ತೊಂಬತ್ತು ನಿಯಮ ಬರೆಸಿದರು. ನದಿಗೆ ದಿ, ಪರ್ವತಶ್ರೇಣಿಗೆ ದಿ, ಒಂಟಿ ಬೆಟ್ಟಕ್ಕೆ ಬೇಡ, ಹೀಗೆ. ಎಲ್ಲ ಸರಿಯೇ ಇರಬಹುದು. ಆದರೆ ನನಗೆ ತಿಳಿದಿದ್ದು ಅಜ್ಜಿಯ ಕಥೆ ನೆನಪಾದಾಗ. ‘ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಇಬ್ಬರು ಹೆಂಡ್ರು.’ ಮೊದಲ ಸಲ ಬಂದಾಗ ಒಬ್ಬ ರಾಜ. ಗುರುತಾದ ಮೇಲೆ ಆ ರಾಜ. ಅಜ್ಜಿ ಎಂದಾದರೂ ‘ಆ ರಾಜ ಇದ್ದ’ ಎಂದು ಕಥೆ ಶುರು ಮಾಡಿದ್ದಾಳೆಯೇ? ಮಾಡಿದ್ದರೆ ನಾವು ‘ಯಾವ ರಾಜ?’ ಎಂದು ಕೇಳುತ್ತಿದ್ದೆವು. ‘ಒಬ್ಬ’ ಇದ್ದಲ್ಲಿ ‘ಎ’, ‘ಆ’ ಇದ್ದಲ್ಲಿ ‘ದಿ’. ಇದು ಬರೀ ಹೋಲಿಕೆಯಲ್ಲ. ‘ಎ’, ‘ಆ್ಯನ್’ ಹುಟ್ಟಿದ್ದೇ ಒಂದು ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ, ‘ಒನ್’ ಕೂಡ ಅದರಿಂದಲೇ ಬಂದದ್ದು. ‘ದಿ’ ಎಂಬುದು ‘ದಟ್’ನ ದಾಯಾದಿ. ಅಜ್ಜಿಗೆ ಎಬಿಸಿಡಿ ಬರುತ್ತಿರಲಿಲ್ಲ, ಆದರೆ ಆರ್ಟಿಕಲ್ ಬರುತ್ತಿತ್ತು!

ಇನ್ನೊಂದನ್ನು ಗಮನಿಸಿ. ‘ನಿನ್ನೆ ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ನಿನ್ನೆ ಪುಸ್ತಕವನ್ನು ಓದಿದೆ’ ಎಂದರೆ ನೀವು ಕೊಟ್ಟ, ನಮ್ಮಿಬ್ಬರಿಗೂ ಗೊತ್ತಿರುವ ಪುಸ್ತಕ. ‘ಅನ್ನು’ ಪ್ರತ್ಯಯ ಮಾಡಿದ ಈ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ದಿ’ ಮಾಡುತ್ತದೆ. ಅಂದರೆ ಗೊತ್ತಿರುವುದು, ಗೊತ್ತಿಲ್ಲದ್ದು ಎಂಬ ಭೇದ ನಮ್ಮ ಭಾಷೆಯಲ್ಲೂ ಇದೆ. ಅವರು ಪದದ ತಲೆಗೆ ಕಟ್ಟುತ್ತಾರೆ, ನಾವು ಬಾಲಕ್ಕೆ ಕಟ್ಟುತ್ತೇವೆ, ಎಷ್ಟೋ ಸಲ ಕಟ್ಟದೆಯೂ ಬಿಡುತ್ತೇವೆ.

ಬಹುವಚನದ ಕಥೆ ಇನ್ನೂ ಸ್ವಾರಸ್ಯ. ಸಂತೆಗೆ ಹೋಗಿ ‘ಎರಡು ಎಮ್ಮೆ ತಂದೆ, ಹತ್ತು ತೆಂಗಿನಕಾಯಿ ತಂದೆ’ ಎನ್ನುತ್ತೇವೆ. ಎರಡು ಎಂದ ಮೇಲೆ ಎಮ್ಮೆ ಒಂದಕ್ಕಿಂತ ಹೆಚ್ಚು ಎಂದು ತಿಳಿಯಿತಲ್ಲ, ಮತ್ತೆ ‘ಗಳು’ ಯಾಕೆ? ಇದು ನಮ್ಮ ಭಾಷೆಯ ಮಿತವ್ಯಯ. ಇಂಗ್ಲಿಷಿಗೆ ಆ ಮಿತವ್ಯಯವಿಲ್ಲ, ಟೆನ್ ಎಂದ ಮೇಲೂ ಕೋಕನಟ್ಸ್ ಎನ್ನಲೇಬೇಕು. ಹಾಗಾಗಿ ‘ಟೆನ್ ಕೋಕನಟ್’ ಎಂದವನು ದಡ್ಡನಲ್ಲ, ಕನ್ನಡದ ನಿಯಮವನ್ನು ಚೆನ್ನಾಗಿ ಕಲಿತವನು. ಆದರೆ ನನ್ನ ‘ಟೂ ಸಿಸ್ಟರ್’ಗೆ ಈ ರಿಯಾಯಿತಿ ಇಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಕನ್ನಡವೂ ಬಹುವಚನ ಕೇಳುತ್ತದೆ. ಮನೆಯಲ್ಲಿ ‘ನನಗ ಇಬ್ಬರು ಅಕ್ಕಗೋಳು’ ಎಂದೇ ಹೇಳುತ್ತೇನೆ. ಅದು ಕನ್ನಡದಿಂದ ಬಂದ ತಪ್ಪಲ್ಲ, ಹೆದರಿಕೆಯಿಂದ ಬಂದದ್ದು.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಮುಂದಿನದು ಚೆನ್ನಾಗಿ ಗೊತ್ತು. ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ವಿಭಾಗದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಿರುತ್ತವೆ. ಉತ್ತರ ತಪ್ಪಾದರೆ ಕಾಲು ಅಂಕ ಕಡಿತ. ಅಲ್ಲಿ ಎರಡು ಗುಂಡಿಗಳು ಸದಾ ಕಾದಿರುತ್ತವೆ. ಒಂದು ‘ಒನ್ ಆಫ್ ದಿ ಸ್ಟೂಡೆಂಟ್’ ಎಂಬುದು. ಅನೇಕರಲ್ಲಿ ಒಬ್ಬ ಎಂದ ಮೇಲೆ ಆ ಅನೇಕರು ಬಹುವಚನದಲ್ಲೇ ಇರಬೇಕು, ‘ಸ್ಟೂಡೆಂಟ್ಸ್’. ಇನ್ನೊಂದು ‘ಇನ್‌ಫರ್ಮೇಷನ್ಸ್, ಅಡ್ವೈಸಸ್, ಫರ್ನಿಚರ್ಸ್, ಲಗೇಜಸ್, ಇಕ್ವಿಪ್‌ಮೆಂಟ್ಸ್’ ಎಂಬ ಪಟಾಲಂ. ಇವೆಲ್ಲ ಇಂಗ್ಲಿಷಿನಲ್ಲಿ ಎಣಿಕೆಗೆ ಸಿಗದ ಪದಗಳು. ಅವುಗಳಿಗೆ ‘ಎಸ್’ ಇಲ್ಲ, ‘ಎ’ ಕೂಡ ಇಲ್ಲ.

ಎಣಿಸಲು ಆಗುವುದಿಲ್ಲ ಎಂದರೆ ಏನರ್ಥ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಕುರ್ಚಿ, ಮೇಜು, ಮಂಚ ಎಣಿಸಬಹುದು. ಎಲ್ಲವನ್ನೂ ಸೇರಿಸಿ ಫರ್ನಿಚರ್ ಎಂದ ಕೂಡಲೇ ಎಣಿಸಬಾರದಂತೆ! ಜಾಬ್ ಎಣಿಸಬಹುದು, ವರ್ಕ್ ಎಣಿಸಬಾರದು. ಸಜೆಷನ್‌ಗೆ ‘ಎಸ್’ ಉಂಟು, ಅಡ್ವೈಸ್‌ಗೆ ಇಲ್ಲ. ನೋಟು, ನಾಣ್ಯ ಲೆಕ್ಕಕ್ಕೆ ಸಿಗುತ್ತವೆ, ಮನಿ ಸಿಗುವುದಿಲ್ಲ. ಲೋಕದಲ್ಲಿ ದುಡ್ಡನ್ನು ಬಿಟ್ಟು ಮತ್ತೇನನ್ನು ಅಷ್ಟು ಶ್ರದ್ಧೆಯಿಂದ ಎಣಿಸುತ್ತಾರೆ? ಇಲ್ಲಿ ತರ್ಕ ಹುಡುಕುತ್ತ ಕೂತರೆ ತಲೆ ಕೆಡುತ್ತದೆ. ಇದು ವಸ್ತುವಿನ ಗುಣವಲ್ಲ, ಆ ಪದಕ್ಕೆ ಅವರ ಭಾಷೆಯಲ್ಲಿ ಸಿಕ್ಕಿರುವ ನಡತೆ.

ಇದಕ್ಕೂ ಕನ್ನಡದಲ್ಲೇ ಬೀಗದ ಕೈ ಇದೆ. ಅಕ್ಕಿಯನ್ನು ಯಾರೂ ‘ಎರಡು ಅಕ್ಕಿ’ ಎನ್ನುವುದಿಲ್ಲ. ಎರಡು ಕಾಳು ಅಕ್ಕಿ, ಎರಡು ಚೀಲ ಅಕ್ಕಿ ಎನ್ನುತ್ತೇವೆ. ‘ಮಗನಿಗೆ ಸ್ವಲ್ಪ ಬುದ್ಧಿ ಹೇಳ್ರಿ’ ಎಂದು ಅವ್ವ ಹೆಡ್‌ಮಾಸ್ತರರ ಬಳಿ ಹೇಳುತ್ತಿದ್ದಳೇ ಹೊರತು ‘ಎರಡು ಬುದ್ಧಿ ಹೇಳ್ರಿ’ ಎಂದವಳಲ್ಲ. ಎಣಿಸಬೇಕಾದರೆ ನಾಲ್ಕು ಬುದ್ಧಿಮಾತು. ಎಣಿಕೆಗೆ ಬರುವುದು ಮಾತು, ಬುದ್ಧಿಯಲ್ಲ. ‘ಎ ಪೀಸ್ ಆಫ್ ಅಡ್ವೈಸ್’ ಎಂಬ ವಿಚಿತ್ರ ನುಡಿಗಟ್ಟು ನನಗೆ ಹೊಳೆದದ್ದು ಅವ್ವನ ಈ ಮಾತಿನಿಂದ. ‘ಅಡ್ವೈಸ್’ ಎಂದರೆ ಸಲಹೆ ಎಂದು ಪಾಠದಲ್ಲಿ ಬರೆಸಿದ್ದರು. ಸಲಹೆಗಳು ಎನ್ನುತ್ತೇವಲ್ಲ, ಆದ್ದರಿಂದ ‘ಅಡ್ವೈಸಸ್’ ಎಂದು ಬರೆದೆವು. ‘ಅಡ್ವೈಸ್’ ಎಂದರೆ ಬುದ್ಧಿ ಎಂದು ಬರೆಸಿದ್ದರೆ ತಪ್ಪು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಅಂದಹಾಗೆ ಗೈಡುಗಳಲ್ಲಿ ನೌನ್ ಐದು ವಿಧ ಎಂದಿರುತ್ತದೆ: ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಅಬ್‌ಸ್ಟ್ರಾಕ್ಟ್. ಪರೀಕ್ಷೆಗೆ ಬೇಕಾದರೆ ಓದಿಕೊಳ್ಳಿ. ಆದರೆ ಈಗಿನ ವ್ಯಾಕರಣಗಳು ಮುಖ್ಯವಾಗಿ ಎರಡೇ ಗುಂಪು ಮಾಡುತ್ತವೆ: ಪ್ರಾಪರ್ ಮತ್ತು ಕಾಮನ್. ಗೋಲ್ಡ್, ಆರ್ಮಿ, ಆನೆಸ್ಟಿ ಎಲ್ಲವೂ ಕಾಮನ್ ಒಳಗೇ ಬರುತ್ತವೆ. ಎಣಿಸಬಹುದೇ, ಇಲ್ಲವೇ ಎಂಬ ಪ್ರಶ್ನೆಯೇ ವಾಕ್ಯ ಬರೆಯುವವನಿಗೆ ಹೆಚ್ಚು ಉಪಯೋಗ.

ಇನ್ನು ಬಯೋಡೇಟಾದ ವಿಷಯ. ಗೆಳೆಯನೊಬ್ಬ ತನ್ನದನ್ನು ನನಗೆ ತೋರಿಸಿದ. ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂದೇ ಸರಿಯಾಗಿ ಬರೆದಿದ್ದ, ಆದರೆ ಫಾದರ್‌ಗೂ ದೊಡ್ಡಕ್ಷರ, ಫಾರ್ಮರ್‌ಗೂ ದೊಡ್ಡಕ್ಷರ, ಜಾಬ್, ಕಂಪನಿ, ಕಾಲೇಜ್ ಎಲ್ಲಕ್ಕೂ ದೊಡ್ಡಕ್ಷರ. ಯಾಕೋ ಎಂದರೆ ‘ಅಪ್ಪಗ ಸಣ್ಣಕ್ಷರ ಹಾಕಿದ್ರ ಮರ್ಯಾದಿ ಕೊಟ್ಟಂಗ ಆಗತೈತೇನು?’ ಎಂದ. ನನಗೆ ನಗು ಬರಲಿಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಮರ್ಯಾದೆಯನ್ನು ನಾವು ‘ಅವರು’ ಎಂದು ಮಾತಿನಲ್ಲೇ ಕೊಡುತ್ತೇವೆ. ಇಂಗ್ಲಿಷಿನಲ್ಲಿ ‘ಹೀ’ ಎಂದು ಬರೆದ ಮೇಲೆ ಉಳಿದ ಮರ್ಯಾದೆಯನ್ನು ದೊಡ್ಡಕ್ಷರದಲ್ಲಿ ತುಂಬಿಕೊಡುವ ಪ್ರಯತ್ನ ಅವನದು. ಆದರೆ ಅಲ್ಲಿ ದೊಡ್ಡಕ್ಷರ ಗೌರವದ ಗುರುತಲ್ಲ, ಅಂಕಿತನಾಮದ ಗುರುತು. ‘ಮೈ ಫಾದರ್’ ಎಂದಾಗ ಸಣ್ಣಕ್ಷರ, ಫಾದರ್ ಎಂದು ಹೆಸರಿನ ಬದಲು ಕರೆದಾಗ ದೊಡ್ಡಕ್ಷರ. ಜರ್ಮನ್ ಭಾಷೆಯಲ್ಲಾಗಿದ್ದರೆ ಅವನ ಬಯೋಡೇಟಾದ ನಾಮಪದಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಅವರು ಎಲ್ಲ ನಾಮಪದಗಳಿಗೂ ದೊಡ್ಡಕ್ಷರ ಹಾಕುತ್ತಾರೆ.

ಆ ಬಯೋಡೇಟಾ ತಿದ್ದಿ ಪ್ರಿಂಟ್ ತೆಗೆಸಿದ್ದು ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಜೆರಾಕ್ಸ್ ಒಂದು ಕಂಪನಿಯ ಹೆಸರು, ಅಂದರೆ ಅಂಕಿತನಾಮ. ನಮ್ಮ ಊರುಗಳಲ್ಲಿ ಅದು ಯಾವತ್ತೋ ರೂಢನಾಮವಾಗಿದೆ. ಯಂತ್ರ ಯಾವ ಕಂಪನಿಯದಾದರೂ ಪ್ರತಿ ಜೆರಾಕ್ಸೇ. ಮಣ್ಣು ಅಗೆಯುವ ಹಳದಿ ಯಂತ್ರವೆಲ್ಲ ಜೆಸಿಬಿ. ಇಂಗ್ಲಿಷಿನ ಎಸ್ಕಲೇಟರ್, ಕೆರೋಸಿನ್ ಕೂಡ ಒಂದು ಕಾಲಕ್ಕೆ ಟ್ರೇಡ್‌ಮಾರ್ಕ್ ಹೆಸರುಗಳೇ. ಕಲ್ಲಿಕೋಟೆಯ ಬಟ್ಟೆ ಹಡಗು ಹತ್ತಿ ಹೋಗಿ ಇಂಗ್ಲಿಷಿನಲ್ಲಿ ‘ಕ್ಯಾಲಿಕೋ’ ಆಯಿತು. ವ್ಯಾಕರಣದ ಗೋಡೆಗಳು ಪುಸ್ತಕದಲ್ಲಿ ಕಾಣುವಷ್ಟು ಗಟ್ಟಿಯಿಲ್ಲ.

‘ಇಷ್ಟೆಲ್ಲ ಯಾಕೆ? ಫಾರ್ಮರ್ ಎಂದರೂ, ಎ ಫಾರ್ಮರ್ ಎಂದರೂ ಕೇಳಿದವರಿಗೆ ಅರ್ಥವಾಗುತ್ತದಲ್ಲ?’ ಎಂದು ನೀವು ಕೇಳಬಹುದು. ಖಂಡಿತ ಆಗುತ್ತದೆ. ಒಂದು ‘ಎ’ ಬಿಟ್ಟ ಕಾರಣಕ್ಕೆ ಒಬ್ಬನ ಬುದ್ಧಿಯನ್ನೇ ಅಳೆಯುವುದು ಅನ್ಯಾಯ ಎಂದು ನಾನೂ ಹೇಳುತ್ತೇನೆ. ಆದರೆ ಅಳೆಯುವವರು ಮೇಜಿನ ಆ ಕಡೆ ಇದ್ದಾರೆ, ನಾವು ಈ ಕಡೆ. ಅವರು ಬದಲಾಗಲಿ ಎಂದು ಕಾಯುತ್ತ ಕೂರಲು ನನಗೆ ವಯಸ್ಸಿನ ಮಿತಿ ಇದೆ. ‘ಪೇಟೆ ಮಕ್ಕಳು ಯಾವ ನಿಯಮ ಕಲಿತು ಮಾತಾಡುತ್ತಾರೆ? ಕೇಳಿ ಕೇಳಿ ಬರುತ್ತದೆ’ ಎಂದು ನನ್ನ ಕಾಲೇಜಿನ ಉಪನ್ಯಾಸಕರು ಹೇಳುತ್ತಿದ್ದರು. ಅದೂ ನಿಜ. ಆದರೆ ಆ ಮಕ್ಕಳು ದಿನವಿಡೀ ಕೇಳುತ್ತಾರೆ, ನಾವು ಕೇಳಿದ್ದು ದಿನಕ್ಕೆ ಮುಕ್ಕಾಲು ಗಂಟೆ, ಅದರಲ್ಲೂ ಅರ್ಧ ಭಾಗ ಕನ್ನಡದ ಅರ್ಥ ಹೇಳುವುದರಲ್ಲೇ ಹೋಗುತ್ತಿತ್ತು.

ನನಗೆ ಒಪ್ಪಿಗೆಯಾಗದ ಸಲಹೆ ಒಂದೇ: ‘ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ.’ ಎಲ್ಲ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲೂ ಇದನ್ನು ಮಂತ್ರದಂತೆ ಹೇಳುತ್ತಾರೆ. ಇಪ್ಪತ್ತು ವರ್ಷ ಕನ್ನಡದಲ್ಲಿ ಯೋಚಿಸಿದ ತಲೆಯನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬರಲಾಗುತ್ತದೆಯೇ? ಕನ್ನಡದಲ್ಲೇ ಯೋಚಿಸಿ, ಆದರೆ ಎಲ್ಲಿ ದಾರಿ ಬೇರೆಯಾಗುತ್ತದೆಂದು ತಿಳಿದುಕೊಳ್ಳಿ ಎನ್ನುವುದು ನನ್ನ ವಾದ. ಕನ್ನಡ ಮತ್ತು ಇಂಗ್ಲಿಷ್ ಮೇಷ್ಟ್ರುಗಳು ತಿಂಗಳಿಗೊಂದು ದಿನ ಒಂದೇ ತರಗತಿಯಲ್ಲಿ ಒಟ್ಟಿಗೆ ನಿಂತು ರೂಢನಾಮದ ಪಕ್ಕ ಕಾಮನ್ ನೌನ್ ಇಟ್ಟು ಪಾಠ ಮಾಡಿದರೆ, ಅದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಸ್ಮಾರ್ಟ್ ಕ್ಲಾಸೂ ಬೇಡ.

ನಾನು ಮಾಡಿದ್ದು ಇಷ್ಟು. ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ. ಪ್ರತಿ ಕಾಮನ್ ನೌನ್ ಕೆಳಗೆ ಪೆನ್ಸಿಲ್ ಗೆರೆ. ಹಿಂದೆ ಯಾರಿದ್ದಾರೆ, ಬಾಲದಲ್ಲಿ ಏನಿದೆ ಎಂದು ನೋಡುವುದು. ಒಂಟಿಯಾಗಿ ನಿಂತದ್ದು ಸಿಕ್ಕರೆ ಯಾಕೆ ಎಂದು ಕೇಳಿಕೊಳ್ಳುವುದು. ಹೆಚ್ಚಿನವು ಎಣಿಕೆಗೆ ಸಿಗದವಾಗಿರುತ್ತಿದ್ದವು. ‘ಬೈ ಬಸ್’, ‘ಅಟ್ ಹೋಮ್’, ‘ಗೋ ಟು ಸ್ಕೂಲ್’ನಂಥ ಕೆಲವು ಹಟಮಾರಿಗಳೂ ಇದ್ದವು, ಅವನ್ನು ಹಾಗೆಯೇ ಬಾಯಿಪಾಠ ಮಾಡಿದೆ. ಮೊದಲ ವಾರ ಮಾತ್ರ ಒಂದು ಪೇಚಾಟ. ನಾನು ಓದುತ್ತಿದ್ದದ್ದು ಶೀರ್ಷಿಕೆಗಳನ್ನು, ಅಲ್ಲಿ ‘ಎ’ ಇಲ್ಲ, ‘ದಿ’ ಇಲ್ಲ, ಎಲ್ಲ ಒಂಟಿಗಳೇ! ಜಾಗ ಉಳಿಸಲು ಪತ್ರಿಕೆಯವರು ಅವನ್ನು ಬಿಡುತ್ತಾರೆಂದು ತಿಳಿದ ಮೇಲೆ ಶೀರ್ಷಿಕೆ ಬಿಟ್ಟು ಕೆಳಗಿನ ಸುದ್ದಿಗೆ ಇಳಿದೆ. ಶೀರ್ಷಿಕೆ, ಬೋರ್ಡು, ಜಾಹೀರಾತು ನೋಡಿಯೇ ಇಂಗ್ಲಿಷ್ ಕಲಿತ ನನ್ನಂಥವರು ‘ಎ’ ಬಿಡುವುದರಲ್ಲಿ ಆಶ್ಚರ್ಯವೇನು?

ಈಗ ದೊಡ್ಡಕ್ಕನ ಮಗಳು ಎಂಟನೇ ತರಗತಿ. ರಜೆಗೆ ಮನೆಗೆ ಬಂದಾಗ ಈ ಪೆನ್ಸಿಲ್ ಆಟ ಅವಳಿಗೂ ಕಲಿಸಿದೆ. ಎರಡು ದಿನ ಗೆರೆ ಎಳೆದು ಮೂರನೇ ದಿನ ಬಂದು ಕೇಳಿದಳು: ‘ಮಾಮಾ, ಸೂರ್ಯ ಒಬ್ಬನ ಅದಾನಲ್ಲಾ, ಹಂಗಾರ ಸನ್ ಕಾಮನ್ ನೌನ್ ಹೆಂಗ ಆಗತೈತಿ?’ ನಾನು ತಡವರಿಸಿದೆ. ಇಂಥ ಪ್ರಶ್ನೆಯನ್ನು ನನ್ನ ಹದಿನೈದು ವರ್ಷದ ಓದಿನಲ್ಲಿ ಯಾರಿಗೂ ಕೇಳಿರಲಿಲ್ಲ. ಸುದ್ದಿಯಲ್ಲಿ ಅದು ಸಣ್ಣಕ್ಷರದಲ್ಲೇ ಇತ್ತು, ಹಿಂದೆ ‘ದಿ’ ಇತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ಹೇಳಿದಳು: ‘ಬ್ಯಾರೆ ನಕ್ಷತ್ರನೂ ಸೂರ್ಯನ ಅಂತ ವಿಜ್ಞಾನದ ಟೀಚರ್ ಹೇಳ್ಯಾರ. ಅದಕ್ಕ ಇರಬೇಕು. ಇವ ನಮ್ಮ ಸೂರ್ಯ, ಅದಕ್ಕ ದಿ.’ ಆಮೇಲೆ ಪೆನ್ಸಿಲ್ ಚೂಪು ಮಾಡಿಕೊಂಡು ಮುಂದಿನ ಸಾಲಿಗೆ ಹೋದಳು.